ಕಮಿಟ್ ಆಗಿದೆ, ಆದರೆ ಎಲ್ಲಿ?

ಗಣೇಶ ಚೌತಿಗೆ ಧಾರವಾಡಕ್ಕೆ ಹೊರಟಾಗ ಆಕೆ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಅಪ್ಪನ ಮನೆಯ ಅಟ್ಟದ ಕೋಣೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇತ್ತು, ಅದು ಸಾಕೆನಿಸಿತು. ಕಡುಬು ತಿಂದು ಮನೆಯವರೆಲ್ಲ ಅಡ್ಡಾದ ಮಧ್ಯಾಹ್ನಗಳಲ್ಲಿ ಗ್ನೋಮ್‌ನ ಒಂದು ತಂತ್ರಾಂಶದ ನೂರಾರು ಸಾಲುಗಳನ್ನು ಕನ್ನಡಕ್ಕೆ ತಂದಳು. ಕಮಿಟ್ ಮಾಡಿದಳು. ಕಂಪ್ಯೂಟರ್ ಬಂದ್ ಮಾಡಿ ಪುಣೆಯ ರಾತ್ರಿ ಬಸ್ ಹತ್ತಿದಳು.

ಪುಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಗಿಟ್ ಪುಲ್ ಕೊಟ್ಟರೆ, ಎಲ್ಲವೂ ಈಗಾಗಲೇ ಇತ್ತೀಚಿನದೇ ಎಂಬ ಉತ್ತರ ಬಂತು. ಕಡತ ತೆರೆದರೆ ಚೌತಿಯ ಒಂದು ಸಾಲೂ ಇಲ್ಲ. ಗ್ನೋಮ್‌ನ ಹೊಸ ಆವೃತ್ತಿ ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಸೆಪ್ಟೆಂಬರಿನದಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಗಿಟ್ ಸುಳ್ಳು ಹೇಳಿರಲಿಲ್ಲ. ಸರ್ವರ್‌ನಲ್ಲಿ ಏನಿದೆಯೋ ಅಷ್ಟು ಮಾತ್ರ ಅದಕ್ಕೆ ಗೊತ್ತು. ಧಾರವಾಡದ ಅಟ್ಟದ ಸುದ್ದಿ ಸರ್ವರ್‌ಗೆ ಮುಟ್ಟಿರಲೇ ಇಲ್ಲ.

ತಪ್ಪಿನ ಬೇರು ಒಂದು ಶಬ್ದದಲ್ಲಿತ್ತು. ಆಕೆ ಈ ಕೆಲಸ ಕಲಿತದ್ದು ಕೆಡಿಇಯಲ್ಲಿ. ಅದರ ಮೂಲಸಂಕೇತ ಗಿಟ್‌ಗೆ ಹೋಗಿ ಎಷ್ಟೋ ವರ್ಷವಾದರೂ ಅನುವಾದಗಳು ಸಬ್‌ವರ್ಷನ್‌ನಲ್ಲೇ ಉಳಿದಿವೆ. ಅಲ್ಲಿ ಕಮಿಟ್ ಎಂದರೆ ನೇರ ಸರ್ವರ್‌ಗೆ ಹೋಗುವುದು. ನೆಟ್ ಇಲ್ಲದಿದ್ದರೆ ಕಮಿಟ್ಟೇ ಆಗದು. ಕನ್ನಡದಲ್ಲಿ ಅದಕ್ಕೆ 'ಒಪ್ಪಿಸು' ಎನ್ನಬಹುದು. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗೆಂದು ಬರೆದ ಗಿಟ್‌ನಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥ. ಕಮಿಟ್ ತನ್ನ ಡಿಸ್ಕಿನ ಮೇಲೆಯೇ ಕೂತಿರುತ್ತದೆ, ಅದು 'ಬರೆದಿಟ್ಟುಕೊ' ಅಷ್ಟೆ. ಒಪ್ಪಿಸುವ ಕೆಲಸ ಪುಶ್‌ನದು. ಅದೇ ತಿಂಗಳು ಹುಟ್ಟಿದ ಮರ್ಕ್ಯುರಿಯಲ್‌ದೂ ಇದೇ ಪದ್ಧತಿ. ಮೊಜಿಲ್ಲಾದ ಅನುವಾದಗಳು ಬಹುಕಾಲ ಅದರಲ್ಲಿದ್ದವು. ಮೂರೂ ಕಡೆ ಕೈಯಿಟ್ಟವರ ಬೆರಳಿಗೆ ಕಮಿಟ್ ಎಂಬ ಒಂದೇ ಶಬ್ದ. ಭಾಷೆಯನ್ನೇ ಕಸುಬು ಮಾಡಿಕೊಂಡವಳು ಪರಿಚಿತ ಶಬ್ದ ಎಂದು ಅರ್ಥ ನೋಡದೆ ದಾಟಿದ್ದಳು. ಬೇರೆಯವರ ಅನುವಾದದಲ್ಲಿ ಇಂಥದು ಕಂಡಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದಳು.

ಎರಡನೆಯ ತೊಡಕು ಎಣಿಕೆಯದು. ಕೆಡಿಇಯಲ್ಲಿ ಅನುವಾದಗಳನ್ನು ಭಾಷೆಯ ಪ್ರಕಾರ ಜೋಡಿಸಿದ್ದಾರೆ. ಕನ್ನಡದ್ದೆಲ್ಲ 'ಕೆಎನ್' ಎಂಬ ಒಂದು ಫೋಲ್ಡರಿನಡಿ ಸಿಗುತ್ತದೆ, ಅದೊಂದನ್ನೇ ಇಳಿಸಿಕೊಂಡರಾಯಿತು. ಗ್ನೋಮ್‌ನಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ರೆಪೊಸಿಟರಿ, ಅದರೊಳಗೆ 'ಪಿಒ' ಫೋಲ್ಡರು, ಅಲ್ಲೊಂದು 'ಕೆಎನ್.ಪಿಒ' ಕಡತ. ಕನ್ನಡ ಹತ್ತಾರು ಮನೆಗಳಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದಂತೆ. ಡ್ಯಾಮ್ಡ್ ಲೈಸ್ ಎಂಬ ತುಂಟ ಹೆಸರಿನ ತಾಣದಿಂದ ಆ ಕಡತವೊಂದನ್ನೇ ಪಡೆದು, ತುಂಬಿಸಿ, ಅಲ್ಲಿಗೇ ಮರಳಿಸಬಹುದು. ಆದರೆ ಅನುವಾದ ಗುಂಡಿಯೊಳಗೆ ಹಿಡಿಸುತ್ತದೋ ಇಲ್ಲವೋ ಎಂದು ತಂತ್ರಾಂಶವನ್ನು ನಡೆಸಿ ನೋಡುವ ಚಟ ಇದ್ದವರಿಗೆ ಇಡೀ ರೆಪೊಸಿಟರಿ ಬೇಕು. ಹಾಗೆ ಎರಡು ಕಂಪ್ಯೂಟರುಗಳಲ್ಲಿ ಹತ್ತಾರು ರೆಪೊಸಿಟರಿ ಸೇರಿಕೊಂಡಿದ್ದವು. ಗಿಟ್ ಸ್ಟೇಟಸ್ ಕೇಳಿದರೆ ತಾನು ನಿಂತ ಮನೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಒಟ್ಟು ಮನೆಗಳೆಷ್ಟು ಎಂಬುದು ಅದಕ್ಕೆ ತಿಳಿಯದು.

ಡೆಬಿಯನ್‌ನಲ್ಲಿ ದುಡಿದ ಜೋಯಿ ಹೆಸ್ 2002ರಲ್ಲಿ ಲಿನಕ್ಸ್ ಜರ್ನಲ್‌ಗೆ ಒಂದು ಲೇಖನ ಬರೆದಿದ್ದರು. ತಮ್ಮ ಇಡೀ ಹೋಮ್ ಫೋಲ್ಡರನ್ನೇ ಆ ಕಾಲದ ಸಿವಿಎಸ್‌ನಲ್ಲಿಟ್ಟು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಒಂದೇ ರೀತಿ ಬಾಳುವುದು ಹೇಗೆ ಎಂಬ ವಿಷಯ. ಮುಂದೆ ಅವರೇ 'ಎಮ್ಆರ್' ಎಂಬ ಪುಟ್ಟ ಸಾಧನ ಬರೆದರು. ಅದು ಎಲ್ಲವನ್ನೂ ಒಂದೇ ರೆಪೊಸಿಟರಿಗೆ ತುರುಕುವುದಿಲ್ಲ. ಯಾವ ಫೋಲ್ಡರು, ಎಲ್ಲಿಂದ ತರಬೇಕು ಎಂಬುದನ್ನು ಒಂದು ಸಾದಾ ಪಟ್ಟಿಯಲ್ಲಿ ಬರೆದರೆ, ಒಂದು ಆಜ್ಞೆಗೆ ಪ್ರತಿ ಮನೆಯ ಬಾಗಿಲನ್ನೂ ಬಡಿದು ಬರುತ್ತದೆ. ಗಿಟ್ ಇರಲಿ, ಸಬ್‌ವರ್ಷನ್ ಇರಲಿ, ಮರ್ಕ್ಯುರಿಯಲ್ ಇರಲಿ, ಆಯಾ ಮನೆಯ ಮಾತಿನಲ್ಲೇ ವಿಚಾರಿಸುತ್ತದೆ. ಹೊಸ ಕಂಪ್ಯೂಟರಿಗೆ ಆ ಪಟ್ಟಿ ಒಯ್ದರೆ ಉಳಿದದ್ದನ್ನು ತಾನೇ ಇಳಿಸಿಕೊಡುತ್ತದೆ.

ಎಮ್ಆರ್ ಆಕೆಯ ಎರಡೂ ಕಂಪ್ಯೂಟರುಗಳಲ್ಲಿತ್ತು. ಬೆಳಿಗ್ಗೆ 'ಎಮ್ಆರ್ ಅಪ್‌ಡೇಟ್' ಎಂದು ತರಿಸಿಕೊಳ್ಳುವುದು ರೂಢಿ. ಸಂಜೆ ಏಳುವ ಮೊದಲು 'ಎಮ್ಆರ್ ಪುಶ್' ಎನ್ನುವ ರೂಢಿ ಮಾತ್ರ ಇರಲಿಲ್ಲ. ಬಂದ್ ಆದ ಕಂಪ್ಯೂಟರಿನ ಬಾಗಿಲು ಬಡಿಯುವ ಸಾಧನವನ್ನು ಹೆಸ್ ಸಹ ಬರೆದಿಲ್ಲ.

ಮತ್ತೆ ಮೊದಲಿಂದ ಅನುವಾದಿಸಬಹುದಿತ್ತು. ಆದರೆ ಒಂದೇ ಕೈ ಎರಡು ಸಲ ಅನುವಾದಿಸಿದರೂ ಸಾಲುಗಳು ಒಂದೇ ಬರುವುದಿಲ್ಲ. ಮೊದಲ ಸಲ 'ಅಳಿಸು' ಎಂದದ್ದು ಎರಡನೆಯ ಸಲ 'ತೆಗೆದುಹಾಕು' ಆಗಿರುತ್ತದೆ, ಎಂದೋ ಎರಡೂ ಎದುರಾದಾಗ ಸಾಲುಸಾಲಿಗೂ ತಂಟೆ. ಆಕೆ ಫೋನ್ ಹಚ್ಚಿದಳು.

"ಅಪ್ಪಾ, ಅಟ್ಟದಾಗಿನ ಕಂಪ್ಯೂಟರ್ ಒಂದೀಟು ಚಾಲೂ ಮಾಡ್ತೀಯೇನ?"

"ಕರೆಂಟ್ ಹೋಗೇದವಾ. ಬಂದ ಮ್ಯಾಲೆ ಮಾಡ್ತೀನಿ."

ಕರೆಂಟ್ ಬಂದದ್ದು ರಾತ್ರಿ ಒಂಬತ್ತಕ್ಕೆ. ನಿವೃತ್ತಿಗೆ ಮೊದಲು ಟೈಪ್‌ರೈಟರ್ ಮೇಲೆ ಹತ್ತೂ ಬೆರಳು ಓಡಿಸಿದ್ದ ಅಪ್ಪ ಈಗ ಒಂದೇ ಬೆರಳಿನಿಂದ ಒತ್ತುತ್ತಿದ್ದ. "ಎಮ್, ಆರ್… ಜಾಗ ಬಿಡು… ಪಿ, ಯು, ಎಸ್, ಎಚ್. ಎಂಟರ್." ಪರದೆಯ ಮೇಲೆ ಸಾಲುಗಳು ಏರತೊಡಗಿದವು. ಅಪ್ಪ ಕಂಡಕಂಡಷ್ಟು ಓದಿ ಹೇಳಿದ. ಇತ್ತ ಲ್ಯಾಪ್‌ಟಾಪ್‌ನಲ್ಲಿ ಇನ್ನೊಮ್ಮೆ ಪುಲ್ ಕೊಟ್ಟಾಗ ಚೌತಿಯ ಮಧ್ಯಾಹ್ನಗಳೆಲ್ಲ ಬಂದಿಳಿದವು.

"ಇನ್ನ ಬಂದ್ ಮಾಡ್ಲೇನು?"

"ತಡಿ ಅಪ್ಪಾ. ಸ್ಟೇಟಸ್ ಅಂತ ಒಂದು ಹೊಡಿ. ಮತ್ತೇನರ ಉಳದದೇನೋ ನೋಡೂಣು."