ಎರಡು ಊರಿನ ಪದ

‘ಚಿಲ್ಲಿ ಪೆಪ್ಪರ್’ ಎಂದರೆ ಎರಡು ಸಲ ಮೆಣಸೇ ಸರ್, ಎಂದು ಹಾವೇರಿಯ ತರಗತಿಯಲ್ಲೊಬ್ಬ ಕೇಳಿದ. ಬಿಡಿಸಿ ನೋಡಿದೆ. ‘ಚಿಲ್ಲಿ’ ಮೆಕ್ಸಿಕೋದ ನಾವಾಟ್ಲ್ ನುಡಿಯದು. ‘ಪೆಪ್ಪರ್’ ನಮ್ಮ ಪಿಪ್ಪಲಿಯೇ; ಗ್ರೀಕ್, ಲ್ಯಾಟಿನ್‌ಗಳನ್ನು ಬಳಸಿ ಇಂಗ್ಲಿಷನ್ನು ಸೇರಿದ್ದು. 1492ರಲ್ಲಿ ಸಂಬಾರ ಪದಾರ್ಥಗಳನ್ನು ಅರಸಿ ಹೊರಟ ಕೊಲಂಬಸನು ಅಲ್ಲಿಯ ಖಾರದ ಕಾಯಿಗೂ ಮೆಣಸಿನ ಹೆಸರನ್ನೇ ಹಚ್ಚಿದನು. ಪೋರ್ಚುಗೀಸರು ಅದನ್ನು ಇತ್ತ ತಂದಾಗ ನಾವು ಮಾಡಿದ್ದೂ ಅದನ್ನೇ: ಮೆಣಸಿನಕಾಯಿ!

ಬ್ಯಾಡಗಿಯ ಪೇಟೆಯಲ್ಲಿ, ರಾಣೆಬೆನ್ನೂರಿನಿಂದ ಮಾಲು ತಂದಿದ್ದ ಸೋದರಮಾವನಿಗೆ ಇದನ್ನು ಉತ್ಸಾಹದಿಂದ ಹೇಳಿದೆ. ಈ ಬೆಳೆಯನ್ನೇ ನಂಬಿ ಎರಡು ಬಾರಿ ಹೊಲ ಒತ್ತೆಯಿಟ್ಟವರು ಅವರು.

“ಹಂಗಾರ ಇದು ನಮ್ಮದಲ್ಲೇನೋ ತಮ್ಮಾ?”

2011ರಲ್ಲಿ ಬ್ಯಾಡಗಿಯ ಹೆಸರಿಗೆ ದೊರೆತ ಭೌಗೋಳಿಕ ಸೂಚಕದ ಮಾತೆತ್ತಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಸವಾಲಿನವರು ಅವರ ರಾಶಿಯ ಬಳಿಗೆ ಬಂದಿದ್ದರು.