ಅಪ್ಪನ ಕೈಗಡಿಯಾರ

ಅಪ್ಪನ ಕೈಗಡಿಯಾರ ಮೊಣಕೈಯತ್ತ ಜಾರತೊಡಗಿದಾಗ ಮನೆಯಲ್ಲಿ ಯಾರೂ ಹೆದರಲಿಲ್ಲ. ಪಟ್ಟಿಗೆ ಇನ್ನೊಂದು ತೂತು ಹಾಕಿಸಿಕೊಂಡು ಬಂದರು, ಅಷ್ಟೇ. ತೂಕ ಏರುತ್ತಿತ್ತಲ್ಲ! ಕೆ.ಬಿ. ಬಡಾವಣೆಯ ಔಷಧಿ ಅಂಗಡಿಯೊಂದರ ತೂಕದ ಯಂತ್ರದ ಮೇಲೆ ನಿಂತು, ‘ನೋಡವ್ವ, ಎರಡು ಕೇಜಿ ಜಾಸ್ತಿ ಆಗೀನಿ’ ಅಂದಿದ್ದರು. ಹೆಚ್ಚಿದ್ದು ಹೊಟ್ಟೆಯಲ್ಲಿ ತುಂಬಿದ್ದ ನೀರು. ಅದರ ಮರೆಯಲ್ಲಿ ತೋಳು, ತೊಡೆ ಕರಗುತ್ತಿದ್ದವು.

ಅಪ್ಪನಿಗೆ ಲಿವರ್ ಸಿರೋಸಿಸ್. ಒಂದು ತೊಟ್ಟೂ ಕುಡಿದವರಲ್ಲ. ಸಕ್ಕರೆ ಕಾಯಿಲೆ, ಲಿವರಿನಲ್ಲಿ ಸೇರಿದ ಕೊಬ್ಬು, ಎರಡೂ ಕೂಡಿ ಮಾಡಿದ ಕೆಲಸ. ನೋಡಲು ಬಂದವರಿಗೆ ಇದನ್ನು ಹೇಳುವುದರಲ್ಲೇ ಅವ್ವ ಸುಸ್ತಾಗುತ್ತಿದ್ದಳು. ಆಮೇಲೆ ಪಥ್ಯ. ಕಾಮಾಲೆಗೆ ಮಾಡುವ ಪಥ್ಯವನ್ನೇ ಮಾಡಿದೆವು: ಬೇಳೆ ಬೇಡ, ಮೊಟ್ಟೆ ಬೇಡ, ಸಂಜೆ ಏಳಕ್ಕೆ ಒಂದು ಬಟ್ಟಲು ಗಂಜಿ, ಮತ್ತೆ ಬೆಳಗಿನ ತನಕ ಏನಿಲ್ಲ.

ಪ್ರೋಟೀನ್ ತಿಂದರೆ ಅಮೋನಿಯಾ ಹೆಚ್ಚಿ ಮಂಪರು ಕವಿಯುತ್ತದೆ ಎಂದು ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಮಂಪರು ಬಂದ ಸಿರೋಸಿಸ್ ರೋಗಿಗಳನ್ನೇ ಪರೀಕ್ಷಿಸಿ, ಪ್ರೋಟೀನ್ ಕಡಿತದಿಂದ ಲಾಭವಿಲ್ಲ ಎಂದು ತೋರಿಸಿದರು. ನಮ್ಮ ಅಡುಗೆಮನೆಗೆ ಆ ಸುದ್ದಿ ಬಂದಿರಲಿಲ್ಲ.

ಅದನ್ನು ತಂದದ್ದು ಒಬ್ಬ ಯುವ ವೈದ್ಯೆ. ಅಪ್ಪನ ಕೈಗೆ ಹಿಡಿಯುಳ್ಳ ಉಪಕರಣ ಕೊಟ್ಟು ‘ಜೋರಾಗಿ ಹಿಸುಕಿ’ ಅಂದರು. ಹರೆಯದಲ್ಲಿ ಗರಡಿಮನೆಯಲ್ಲಿ ಲೋಡು ತಿರುಗಿಸಿದ್ದ ಅಪ್ಪ ನಗುತ್ತಲೇ ಹಿಸುಕಿದರು. ಮುಳ್ಳು 17 ಕೆಜಿಗೆ ನಿಂತಿತು. ಗಂಡಸರಿಗೆ 28ಕ್ಕಿಂತ ಕಡಿಮೆಯಾದರೆ ಬಲ ಕುಂದಿದೆ ಎಂದು ಲೆಕ್ಕ. ಅಪ್ಪ ಇನ್ನೊಂದು ಕೈಗೆ ಬದಲಿಸಿ ಹಿಸುಕಿದರು. ಆಮೇಲೆ ನಗಲಿಲ್ಲ.

ಆಕೆ ಬಿಡಿಸಿ ಹೇಳಿದರು. ಲಿವರ್ ಸೋತಾಗ ರಕ್ತದ ಅಮೋನಿಯಾವನ್ನು ಒಂದಿಷ್ಟು ಹೀರಿಕೊಳ್ಳುವುದು ಸ್ನಾಯುಗಳೇ. ಸೋತ ಲಿವರಿನಲ್ಲಿ ಸಕ್ಕರೆಯ ದಾಸ್ತಾನೂ ಇರುವುದಿಲ್ಲ. ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ, ಆಗ ದೇಹ ತನ್ನ ಸ್ನಾಯುವನ್ನೇ ಒಡೆದು ಉರಿಸುತ್ತದೆ. ಕಾಯಿಲೆಯ ತೀವ್ರತೆ ಅಳೆಯುವ ಮೆಲ್ಡ್ ಅಂಕ ಬರುವುದು ಬಿಲಿರುಬಿನ್, ಕ್ರಿಯಾಟಿನಿನ್‌ನಂಥ ರಕ್ತಪರೀಕ್ಷೆಗಳಿಂದ. ತೋಳಿಗೆ ಅದರಲ್ಲಿ ಜಾಗವಿಲ್ಲ. ಆದರೆ ಸ್ನಾಯು ಕರಗಿದವರಲ್ಲಿ ಸೋಂಕು, ಮಂಪರು, ಸಾವು ಮೂರೂ ಹೆಚ್ಚು.

ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, ಅದೂ ನೀರಿನ ತೂಕ ಕಳೆದು. ಮಲಗುವ ಮುಂಚೆ ಕಡ್ಡಾಯವಾಗಿ ಏನಾದರೂ ತಿನ್ನಬೇಕು. ಅಪ್ಪ ಕೇಳಿದ್ದು ಮಂಡಕ್ಕಿ, ಮಿರ್ಚಿ. ಉಪ್ಪು ಇಳಿಸಬೇಕಿದ್ದರಿಂದ ಹಾಲಿಗೆ ಪುಟಾಣಿ ಹಿಟ್ಟು ಕಲೆಸಿ ಕೊಟ್ಟೆವು. ‘ದಾವಣಗೆರೆಯಾಗ ಹುಟ್ಟಿ ಇದನ್ನ ತಿನ್ನಬೇಕಾತಲ್ಲ’ ಅಂತ ಗೊಣಗುತ್ತ ಬಟ್ಟಲು ಖಾಲಿ ಮಾಡುತ್ತಿದ್ದರು. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನೂ ಎಣಿಸಿ ಮಾಡಿದರು. ಮೂರು ತಿಂಗಳಿಗೆ ಮುಳ್ಳು 19 ತೋರಿಸಿತು.

ಮುಂದಿನ ಬೇಸಿಗೆಯಲ್ಲಿ ಹೊಟ್ಟೆಯ ನೀರಿಗೆ ಸೋಂಕು ತಗುಲಿತು. ಒಂಬತ್ತು ದಿನ ಇದ್ದರು.

ತಿಂಗಳ ನಂತರ ಒಂದು ರಾತ್ರಿ ಅವ್ವ ಕೇಳಿದಳು: ‘ಮೊದಲಿಗೆ ಆರು ತಿಂಗಳು ನಾನ ಅವರನ್ನ ಉಪಾಸ ಹಾಕಿದ್ನೇನವ್ವ?’

ನಮಗೆ ಗೊತ್ತಿರಲಿಲ್ಲವಲ್ಲ ಅಂದೆ. ಅವಳು ಉತ್ತರಿಸಲಿಲ್ಲ. ಒಲೆಯ ಮೇಲೆ ಹಾಲಿತ್ತು, ಉಕ್ಕೀತೆಂದು ಎದ್ದು ಹೋದಳು.