ಬಾತಿನ ಕತ್ತಿನ ಪಟ್ಟಿ

ಹೋದ ಸಲ ಅವರೆಕಾಳಿನ ಕತೆ ಬರ್ದಿದ್ದೆ, ಈ ಸಲ ಹಕ್ಕಿ ಕತೆ. ನಗಬ್ಯಾಡಿ.

ನಮ್ಮ ಯಜಮಾನ್ರಿಗ ಹಕ್ಕಿ ಹುಚ್ಚು ಅಂತ ಗುಂಡ್ಲುಪೇಟೆಲಿ ನಮ್ಮ ಬೀದಿಗೆಲ್ಲ ಗೊತ್ತು. ರಿಟೈರಾದಾಗ ಬಂದ ದುಡ್ಡಲ್ಲಿ ಒಂದು ಕ್ಯಾಮೆರಾ, ಒಂದು ಸ್ಪಾಟಿಂಗ್ ಸ್ಕೋಪು ತಕ್ಕೊಂಡ್ರು. ಸ್ಕೋಪು ಅಂದ್ರ ಒಂಟಿಕಣ್ಣಿನ ದೊಡ್ಡ ದುರ್ಬೀನು, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂತ್ಕತದ. ಅದರ ಹಿಂದ್ಕ ಕ್ಯಾಮೆರಾ ಸಿಕ್ಕಿಸಿ ಫೋಟೋ ತಗೀತಾರ. ನಾನು ಧೂಳು ಒರಸಕ್ಕ ಹೋದ್ರೂ "ಮುಟ್ಬ್ಯಾಡ" ಅನ್ನೋರು.

ಎರಡು ವರ್ಷದಿಂದ ಅವರ ಬಲಗೈ ನಡುಗ್ತದ. ಅವರೂ ಹೇಳಲ್ಲ, ನಾನೂ ಕೇಳಲ್ಲ. ಫೋಟೋ ಎಲ್ಲ ಮಸುಕು. "ಲೆನ್ಸ್ ಕೆಟ್ಟದ" ಅಂತ ಸುಮ್ನಾಯ್ತಾರ.

ಹೋದ ಚಳಿಗಾಲದಲ್ಲಿ ಮೈದುನನ ಮಗನ ಕಾರಲ್ಲಿ ನಂಜನಗೂಡು ಕಡೆ ಹದಿನಾರು ಕೆರೆಗ ಹೋದೊ. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟ್ಕೊಂಡು ಅಲ್ಲಿಗ ಬತ್ತವ. ಬಿಳಿ ತಲೆ ಮ್ಯಾಲ ಎರಡು ಕರಿ ಪಟ್ಟೆ. ಮಂಗೋಲಿಯಾದಲ್ಲಿ ಕೆಲವಕ್ಕ ಕತ್ತಿಗ ನಂಬರು ಬರ್ದ ಪ್ಲಾಸ್ಟಿಕ್ ಪಟ್ಟಿ ಹಾಕಿ ಬುಟ್ಟಿರ್ತಾರ. ಆ ನಂಬರು ಓದಿ ತಿಳಿಸಿದ್ರ ಎಲ್ಲಿ ಪಟ್ಟಿ ಹಾಕಿದ್ದು ಅಂತ ಗೊತ್ತಾಯ್ತದ.

ಅವತ್ತು ಅಂಥದ್ದೊಂದು ಕಾಣಿಸ್ತು! ಇವರು ಇಪ್ಪತ್ತು ಫೋಟೋ ತಗದ್ರು, ಒಂದರಲ್ಲೂ ನಂಬರು ಇಲ್ಲ. ಮುಖ ಸಣ್ಣಗಾಗ್ಬುಡ್ತು. ನಂಗ ಸಂಕಟ ಆಯ್ತು ಕಣ್ರವ್ವ.

"ರೀ, ನಾನೊಸಿ ನೋಡ್ಲಾ?" ಅಂದೆ. ಸುಮ್ಕ ಸರಿದ್ರು.

ಮಗನ ಮದ್ವೇಲಿ ಮನೆಯವರೆಲ್ಲ ಒಟ್ಟಿಗೆ ನಿಂತು ಫೋಟೋ ತಗಸ್ಕೊಳ್ಳಕ್ಕ ಕ್ಯಾಮೆರಾಗ ಟೈಮರ್ ಇಟ್ಟಿದ್ದು ನೆನಪಿತ್ತು. ಸ್ಟ್ಯಾಂಡಿನ ಕಾಲು ಅಗಲಿಸಿ ತಗ್ಗಿಸಿದೆ. ಅಲ್ಲಾಡೋ ಕಾಲಿನ ಬುಡಕ್ಕ ಬಿಲ್ಲೆಕಲ್ಲು ಕೊಟ್ಟೆ, ಒರಳು ಅಲ್ಲಾಡಿದ್ರ ಕೊಡ್ತೀವಲ್ಲ, ಹಂಗ. ನಡುವ ನಮ್ಮ ಬುತ್ತಿ ಚೀಲ ತೂಗಾಕ್ದೆ, ಭಾರಕ್ಕ ಗಟ್ಟಿಯಾಗಿ ಕೂತ್ಕತು. ಸ್ಕೋಪಿನ ಜೂಮು 60ರಲ್ಲಿತ್ತು, 20ಕ್ಕ ಇಳಿಸಿದೆ. ಹಕ್ಕಿ 60 ಪಟ್ಟು ದೊಡ್ಡದಾದ್ರ ನಡುಕನೂ ಅಷ್ಟೇ ದೊಡ್ಡದಾಯ್ತದಲ್ವ? ಆಮ್ಯಾಕ ಟೈಮರ್ 10 ಸೆಕೆಂಡಿಗಿಟ್ಟೆ.

ಒತ್ತಕ್ಕ ಹೋದೋಳು ನಿಂತ್ಬುಟ್ಟೆ. "ನೀವೇ ಒತ್ತಿ. ಒತ್ತಿ ಕೈ ತಗೀರಿ. ಯಾರ ಕೈ ತಗುಲಿದ್ರೂ ಅದು ಅಲ್ಲಾಡ್ತದ, ನಂದಾದ್ರೂ ಅಷ್ಟೇ" ಅಂದೆ.

ಒತ್ತಿದ್ರು. ಕೈ ಹಿಂದ್ಕ ಕಟ್ಕೊಂಡ್ರು. ಸ್ಕೋಪು ನಿಧಾನಕ್ಕ ಅಲ್ಲಾಡೋದು ನಿಲ್ಲಿಸ್ತು. ಟಕ್ ಅಂತು.

ಮೊದಲ್ನೇದ್ರಲ್ಲಿ ಬಾತು ಕತ್ತು ನೀರಿಗ ಬಗ್ಗಿಸ್ಬುಟ್ಟಿತ್ತು. ಎರಡನೇದ್ರಲ್ಲಿ ಬೆನ್ನು. ಹಿಂಗೆ ಎಷ್ಟೋ ಆದ್ಮ್ಯಾಕ ಒಂದರಲ್ಲಿ ಕತ್ತು ನೆಟ್ಟಗ ಎತ್ತಿ ನಿಂತಿತ್ತು. ಪಟ್ಟಿ ಮೇಲಿನ ಎರಡು ಅಕ್ಷರ ಗರಿಗರಿಯಾಗಿ ಕಾಣ್ತು, ಮಿಕ್ಕಿದ್ದು ಕತ್ತಿನ ಆ ಕಡೆಗಿತ್ತು. ಅಷ್ಟೊತ್ತಿಗ ಬಿಸಿಲೇರಿ ನೀರಿನ ಮ್ಯಾಲ ಝಳ ಏಳ್ತು. ಕಾದ ಹಂಚಿನ ಮ್ಯಾಲ ಗಾಳಿ ಕುಣೀತದಲ್ಲ, ಹಂಗ. ಆಗ ಎಂಥ ಲೆನ್ಸಾದ್ರೂ ಅಷ್ಟೇ, ಹಕ್ಕಿ ಕುಣೀತಾನೆ ಕಾಣ್ತದ. ಅದ್ಕೇ ಹೊತ್ತುಟ್ಟೋ ಹೊತ್ತೇ ಸರಿ.

ಅರ್ಧ ನಂಬರಾದ್ರೂ ಇವರಿಗ ಹಬ್ಬ. ವಾಪಸ್ ಬರೋವಾಗ ಬೇಗೂರು ದಾಟೋ ತಂಕ ಮಾತೇ ಇಲ್ಲ. ಆಮ್ಯಾಕ ಮೆಲ್ಲಗ ಅಂದ್ರು: "ಲೆನ್ಸ್ ಸರಿಯಾಗೇ ಅದ ಕಣ."

"ಹೂ" ಅಂದೆ.

"ಸೋಮವಾರ ಮೈಸೂರಿಗ ಹೋಗಿ ಈ ಕೈ ತೋರಿಸ್ಕೊಂಡು ಬರಮ. ನೀನೂ ಬಾ."

ಮನೆಗ ಬಂದು ಸ್ಕೋಪು ಒರೆಸೋ ಮೆತ್ತನೆ ಬಟ್ಟೆ ನನ್ ಕೈಗೇ ಕೊಟ್ರು.